ಸಹಾಯ ಬೇಕು: ಜಾಮೀನು ನಿಂತ ತಂದೆಯ ತೋಟವೂ ಸಾಲಕ್ಕೆ ಅಡವಾದಂತೆಯೇ?

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುತ್ತಿದ್ದ ಪಕ್ಕದ ಮನೆಯವರ ಬ್ಯಾಂಕ್ ಸಾಲಕ್ಕೆ ನಮ್ಮ ತಂದೆ ಜಾಮೀನು ನಿಂತಿದ್ದರು. ನಮ್ಮ ಕಡೆ ಜಾಮೀನಿಗೆ ಸಹಿ ಹಾಕುವುದು ಮದುವೆಯಲ್ಲಿ ಮುಯ್ಯಿ ಬರೆಸಿದಷ್ಟೇ ಸಲೀಸು! ಈಗ ಕಂತು ನಿಂತಿದೆ, ನೋಟಿಸು ತಂದೆಯ ಹೆಸರಿಗೂ ಬಂದಿದೆ.

ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ ಇರುತ್ತದೆ ಎಂದು 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ಅದರಲ್ಲಿ ನನ್ನ ತಕರಾರಿಲ್ಲ. ಗೊಂದಲವೆಲ್ಲ ತೋಟದ್ದು. ಸಹಿಯ ಜೊತೆಗೆ ಹಿಪ್ಪುನೇರಳೆ ತೋಟದ ಮೂಲ ಕ್ರಯಪತ್ರವನ್ನೂ ಬ್ಯಾಂಕಿನವರು ಇಟ್ಟುಕೊಂಡಿದ್ದಾರೆ. ಪಹಣಿಯಲ್ಲಿ ಋಣದ ಕಾಲಂ ಖಾಲಿ ಇದೆ, ಋಣಭಾರ ಪತ್ರದಲ್ಲೂ ಏನೂ ಕಾಣುವುದಿಲ್ಲ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58(ಎಫ್) ಪ್ರಕಾರ, ಸಾಲದ ಭದ್ರತೆಗೆಂದೇ ಸರ್ಕಾರ ಇದಕ್ಕೆಂದು ಅಧಿಸೂಚಿಸಿದ ಪಟ್ಟಣದಲ್ಲಿ ಹಕ್ಕುಪತ್ರ ಒಪ್ಪಿಸಿದರೆ ಅದೂ ಅಡಮಾನವೇ. ತಂದೆ ಪತ್ರ ಕೊಟ್ಟದ್ದು 'ನೋಡಿ ಹಿಂದಿರುಗಿಸುತ್ತೇವೆ' ಎಂಬ ಮಾತಿನ ಮೇಲೆ. ಅವರ ಉದ್ದೇಶವನ್ನು ಯಾವ ದಾಖಲೆಯಿಂದ ಅಳೆಯುತ್ತಾರೆ?

ಇನ್ನೊಂದು ವಿಷಯ. ಅದೇ ಸಾಲಕ್ಕೆ ಘಟಕದ ಯಂತ್ರಗಳೂ ಅಡವಾಗಿದ್ದವು. ತಂದೆಗೆ ತಿಳಿಸದೆಯೇ ಅವುಗಳ ಮಾರಾಟಕ್ಕೆ ಬ್ಯಾಂಕು ಒಪ್ಪಿಗೆ ಕೊಟ್ಟಿದೆ. ಕರಾರು ಕಾಯ್ದೆಯ 141ನೇ ಕಲಂ ಪ್ರಕಾರ, ಹಾಗೆ ಕೈಬಿಟ್ಟ ಭದ್ರತೆಯ ಮೌಲ್ಯದಷ್ಟು ಜಾಮೀನುದಾರನ ಹೊಣೆ ಇಳಿಯಬೇಕಲ್ಲವೇ?

ಇಂಥ ಪ್ರಕರಣ ನಡೆಸಿದ ವಕೀಲರು ಚಿಕ್ಕಬಳ್ಳಾಪುರ ಅಥವಾ ಚಿಂತಾಮಣಿ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಬ್ಯಾಂಕಿನಿಂದ ಯಾವ ಕಾಗದಗಳ ನಕಲು ಕೇಳಬೇಕು ಎಂದು ಹೇಳಿದರೂ ಸಾಕು.