ಜನವರಿಯಲ್ಲಿ ಶ್ರೀನಗರಕ್ಕೆ ಲೋಡು: ಹಿಮದ ರಸ್ತೆಯಲ್ಲಿ ಲಾರಿ ಓಡಿಸಿದವರು ಯಾರಾದರೂ ಇದ್ದೀರಾ?

ತಿಕೋಟಾ ಲಾರಿ:
ಎಲ್ಲರಿಗೂ ನಮಸ್ಕಾರ ರೀ. ನನ್ನದು ತಿಕೋಟಾ, ವಿಜಯಪುರ ಜಿಲ್ಲೆ. ಸ್ವಂತ ಹತ್ತು ಗಾಲಿ ಲಾರಿ ಇದೆ. ಏಳು ವರ್ಷದಿಂದ ಕೋಲ್ಡ್ ಸ್ಟೋರೇಜಿನ ಒಣದ್ರಾಕ್ಷಿ ಬಾಕ್ಸ್ ತುಂಬಿಕೊಂಡು ದಿಲ್ಲಿಗೆ ಹೋಗುತ್ತೇನೆ. ಈ ಸಲ ಅಲ್ಲಿನ ಏಜೆಂಟರು ಶ್ರೀನಗರಕ್ಕೆ ಲೋಡು ಕೊಡುತ್ತೇನೆ, ಬರುವಾಗ ಸೇಬು ತುಂಬಿಸುತ್ತೇನೆ ಅಂತಿದ್ದಾರೆ. ಬಾಡಿಗೆ ಚೆನ್ನಾಗಿದೆ. ಆದರೆ ಹೋಗಬೇಕಾದ್ದು ಜನವರಿ ಎರಡನೇ ವಾರ.

ನಮ್ಮೂರ ಕಡೆಯಿಂದ ಹಾಯುವ 52ನೇ ನಂಬರ್ ಹೆದ್ದಾರಿ ಪಂಜಾಬಿನ ಸಂಗ್ರೂರ್‌ವರೆಗೂ ಹೋಗುತ್ತದೆ, ಅಲ್ಲಿಯವರೆಗೆ ಚಿಂತೆಯಿಲ್ಲ. ಜಮ್ಮುವಿನಿಂದ ಮೇಲಿನ ಘಾಟಿನ ಬಗ್ಗೆ ಕೇಳುತ್ತಿದ್ದೇನೆ. ಹಿಮ ನೋಡಿದ್ದು ಟಿವಿಯಲ್ಲಿ ಮಾತ್ರ. ನಮ್ಮ ಎರೆ ಮಣ್ಣಿನ ಕೆಸರಲ್ಲಿ ಗಾಲಿ ಹೇಗೆ ಜಾರುತ್ತದೆ ಗೊತ್ತು. ಇದೂ ಅದೇ ಥರವಾ? ಅವ್ವ ಬೇಡವೇ ಬೇಡ ಅಂತ ಕೂತಿದ್ದಾಳೆ. ಕ್ಲೀನರ್ ಹುಡುಗನಿಗೆ ಇನ್ನೂ 19. ಅವನ ಜವಾಬ್ದಾರಿಯೂ ನನ್ನ ಮೇಲೇ ಇದೆ.

ಅಥಣಿ ಕಾಕಾ:
ತಮ್ಮಾ, ನಾನು ಆ ದಾರಿಯಲ್ಲಿ ಆರು ಚಳಿಗಾಲ ಓಡಿಸಿದ್ದೇನೆ. ಕೆಸರಿನ ಲೆಕ್ಕ ತಲೆಯಿಂದ ತೆಗೆದುಬಿಡು. ಕೆಸರಲ್ಲಿ ಗಾಲಿ ಹೂತು ನಿಲ್ಲುತ್ತದೆ. ಇಲ್ಲಿ ಗಾಲಿ ನಿಂತರೂ ಲಾರಿ ನಿಲ್ಲೋದಿಲ್ಲ.

ಬೆಳ್ಳಗೆ ಬಿದ್ದ ಹೊಸ ಹಿಮಕ್ಕೆ ಅಷ್ಟು ಹೆದರಬೇಡ, ಅದು ಕಣ್ಣಿಗೆ ಕಾಣುತ್ತದೆ. ಹೆದರಬೇಕಾದ್ದು ಕಾಣದ ಐಸಿಗೆ. ಹಗಲು ಬಿಸಿಲಿಗೆ ಗುಡ್ಡದ ಹಿಮ ಕರಗಿ ನೀರು ರಸ್ತೆಗೆ ಅಡ್ಡ ಹರಿಯುತ್ತದೆ, ರಾತ್ರಿ ಅದೇ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ನೋಡಿದರೆ ಸುಮ್ನೆ ಒದ್ದೆ ಡಾಂಬರು ಅನ್ನಿಸುತ್ತದೆ. ಸೇತುವೆ ಮೇಲೆ ಇನ್ನೂ ಬೇಗ ಆಗುತ್ತದೆ, ಕೆಳಗಿನಿಂದಲೂ ತಣ್ಣನೆ ಗಾಳಿ ಹೊಡೆಯುತ್ತದಲ್ವಾ. ನನ್ನ ಮುಂದೆಯೇ ಒಂದು ಖಾಲಿ ಟ್ಯಾಂಕರ್ ಹಾಗೇ ತಿರುಗಿ, ಮುಖ ನನ್ನ ಕಡೆ ಮಾಡಿ ನಿಂತಿತ್ತು. ಡ್ರೈವರ್ ಸ್ಟೇರಿಂಗ್ ಹಿಡಿದೇ ಕೂತಿದ್ದ, ಕೈ ಬಿಡಿಸಲು ಎರಡು ನಿಮಿಷ ಬೇಕಾಯಿತು.

ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಹಾಕು. ನ್ಯೂಟ್ರಲ್ ಮಾಡಲೇಬೇಡ. ಐಸ್ ಮೇಲೆ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವುದು) ಕೂಡ ಬೇಡ, ಹಿಂದಿನ ಗಾಲಿ ಲಾಕ್ ಆಗುತ್ತದೆ. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಕಟ್ಟುವುದು ಎಂಜಿನ್ ತಿರುಗಿಸುವ ಗಾಲಿಗೆ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡು, ಇಲ್ಲದಿದ್ದರೆ ಬೆಳಿಗ್ಗೆ ಬ್ರೇಕ್ ಲೈನಲ್ಲೇ ಅದು ಹೆಪ್ಪುಗಟ್ಟಿರುತ್ತದೆ. ಡೀಸೆಲ್ ಕೂಡ ಹಾಗೇ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಆಗುತ್ತದಲ್ಲ, ಆ ಥರ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಎರಡು ಫಿಲ್ಟರ್ ಜಾಸ್ತಿ ಇಟ್ಟುಕೋ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವವರನ್ನು ನೋಡುತ್ತೀಯ, ನೀನು ಹಚ್ಚಬೇಡ.

ಸುರಂಗಗಳು ಬಂದ ಮೇಲೆ ದಾರಿ ಎಷ್ಟೋ ಸುಧಾರಿಸಿದೆ. 2017ರಲ್ಲಿ ಚೆನಾನಿ-ನಾಶ್ರಿ, 2021ರಲ್ಲಿ ಬನಿಹಾಲ್-ಖಾಜಿಗುಂಡ್. ಎರಡನೆಯದು ಸುಮಾರು 8.5 ಕಿ.ಮೀ. ಬನಿಹಾಲ್ ಕಡೆ ಒಣ ರಸ್ತೆಯಲ್ಲಿ ಒಳಗೆ ಹೋಗಿ, ಆ ಕಡೆ ಹಿಮದಲ್ಲಿ ಹೊರಗೆ ಬಂದಿದ್ದೇನೆ. ಹೊರಬರುವ ಮೊದಲೇ ವೇಗ ಇಳಿಸಿರು. ರಾಮಬನ್ ಹತ್ತಿರ ಮಾತ್ರ ಇವತ್ತಿಗೂ ಮಳೆ, ಹಿಮ ಬಿದ್ದರೆ ಗುಡ್ಡ ಜಾರುತ್ತದೆ, ಕಲ್ಲು ಉರುಳುತ್ತವೆ.

ಗೋಕಾಕ ಮಾಜಿ ಸೈನಿಕ:
ಕಾಕಾ ಹೇಳಿದ್ದೆಲ್ಲ ಸರಿ. ನಾನು ಲಡಾಖಿನ ದ್ರಾಸ್‌ನಲ್ಲಿದ್ದೆ, ಜೋಜಿಲಾ ಘಾಟಿ ದಾಟಿ. ಅಲ್ಲಿಗೆ ಹೋಲಿಸಿದರೆ ಶ್ರೀನಗರದ ಚಳಿ ಕಡಿಮೆ. ಆದರೂ ರಾತ್ರಿ ಮೈನಸ್ ಐದು, ಆರು ಆಗುತ್ತದೆ.

ಒಂದೇ ಮಾತು, ದಯವಿಟ್ಟು ನೆನಪಿಡಿ. ಗಾಜು ಏರಿಸಿದ ಕ್ಯಾಬಿನ್ನಿನಲ್ಲಿ ಕೆಂಡದ ಒಲೆ, ಗ್ಯಾಸ್ ಒಲೆ ಇಟ್ಟುಕೊಂಡು ಮಲಗಬೇಡಿ. ಆ ವಿಷದ ಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಆ ಹುಡುಗನಿಗೂ ಕೂರಿಸಿಕೊಂಡು ಹೇಳಿ. ಇಬ್ಬರಿಗೂ ಒಳ್ಳೆ ರಜಾಯಿ, ಉಣ್ಣೆ ಸಾಕ್ಸ್ ಎರಡೆರಡು ಜೊತೆ ತಗೊಳ್ಳಿ. ಒದ್ದೆ ಸಾಕ್ಸ್ ಹಾಕಿಕೊಂಡು ಮಲಗಬಾರದು.

ಮುಧೋಳ ಅಕ್ಕ:
ನಮ್ಮ ಮನೆಯವರ ನೌಕರಿಗೆ ಮೂರು ವರ್ಷ ಶ್ರೀನಗರದಲ್ಲಿದ್ದೆವು. ಡಿಸೆಂಬರ್ 21ರಿಂದ 40 ದಿನಕ್ಕೆ ಅಲ್ಲಿ ಚಿಲ್ಲೈ ಕಲಾನ್ ಅನ್ನುತ್ತಾರೆ, ದೊಡ್ಡ ಚಳಿ. ನೀವು ಹೋಗುವುದು ಸರಿಯಾಗಿ ಅದರ ನಡುವೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಪೈಪೇ ಹೆಪ್ಪುಗಟ್ಟಿರುತ್ತಿತ್ತು. ರಾತ್ರಿಯೇ ಕೊಡ ತುಂಬಿ ಒಳಗಿಡುತ್ತಿದ್ದೆ. ಪಕ್ಕದ ಮನೆಯವರು ಬೇಸಿಗೆಯಲ್ಲೇ ಬದನೆಕಾಯಿ, ಟೊಮೆಟೊ, ಸೋರೆಕಾಯಿ ಹೆಚ್ಚಿ ಒಣಗಿಸಿ ಇಡುತ್ತಿದ್ದರು. ನಾವು ಸಂಡಿಗೆ ಮಾಡುವ ಹಾಗೆ. ಹೆದ್ದಾರಿ ಮೂರು ದಿನ ಮುಚ್ಚಿದರೆ ಅದೇ ಪಲ್ಯ.

ಒಂದು ವಾರದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ ಅಣ್ಣಾ. ರಸ್ತೆ ಮುಚ್ಚಿದರೆ ನೂರಾರು ಲಾರಿ ಸಾಲಾಗಿ ನಿಲ್ಲುತ್ತವೆ, ಹೋಟೆಲ್ ಎಲ್ಲಿರುತ್ತದೋ ಏನೋ. ಟ್ರಾಫಿಕ್ ಪೊಲೀಸರು ಮರುದಿನ ದೊಡ್ಡ ಗಾಡಿ ಯಾವ ಕಡೆಯಿಂದ ಬಿಡುತ್ತಾರೆ ಅಂತ ಮೊದಲೇ ತಿಳಿಸುತ್ತಾರೆ. ಅದನ್ನು ನೋಡದೆ ಜಮ್ಮು ಬಿಡಬೇಡಿ. ಅವ್ವನಿಗೆ ದಿನಾ ಒಂದು ಫೋನ್ ಮಾಡಿ. ಅಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿ.

ತಿಕೋಟಾ ಲಾರಿ:
ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಕ್ಯಾಬಿನ್ನಿನ ಒಲೆಯ ಮಾತನ್ನು ಎರಡು ಸಲ ಓದಿಸಿದಳು. ಏಜೆಂಟರಿಗೆ ಫೋನ್ ಮಾಡಿ ಫೆಬ್ರವರಿ ಎರಡನೇ ವಾರಕ್ಕೆ ಲೋಡು ಕೊಡಿ ಅಂತ ಕೇಳಿದ್ದೇನೆ, ನಾಳೆ ಹೇಳುತ್ತಾರಂತೆ. ಕಾಕಾ, ಚೈನ್ ಎಲ್ಲಿ ತಗೊಳ್ಳಲಿ?

ಅಥಣಿ ಕಾಕಾ:
ಟೈರಿನ ಸೈಜ್ ಬರೆದುಕೊಂಡು ಹೋಗು, ಜಮ್ಮುವಿನಲ್ಲೇ ತಗೋ. ಅಲ್ಲೇ ಬಯಲಲ್ಲಿ ನೀನೂ ಹುಡುಗನೂ ಎರಡು ಸಲ ಕಟ್ಟಿ ಬಿಚ್ಚಿ ನೋಡಿ, ಕೈಗವಸು ಹಾಕಿಕೊಂಡೇ. ಮೇಲೆ ಹೋದಾಗ ಬರಿಗೈಯಲ್ಲಿ ಕೊಂಡಿ ಹಿಡಿಯಲು ಆಗುವುದಿಲ್ಲ.