ಹಳೇ ಸ್ಕಾಟ್ಸ್ ಮಕ್ಕಳ ಪದ್ಯದ ಧಾಟಿ ಹುಡುಕುತ್ತಿದ್ದೇನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾವಿರುವುದು ಗ್ಲಾಸ್ಗೋದಲ್ಲಿ. ಪಕ್ಕದ ಮನೆ ಅಜ್ಜಿ ನನ್ನ ಮಗಳಿಗೆ ‘ವೀ ವಿಲ್ಲಿ ವಿಂಕಿ’ ಪದ್ಯವನ್ನು ಇಲ್ಲಿನ ಸ್ಕಾಟ್ಸ್ ಭಾಷೆಯಲ್ಲೇ ಪೂರ್ತಿ ಹೇಳುತ್ತಾರೆ. ಅವರ ಅಮ್ಮ ಅದನ್ನು ಹಾಡುತ್ತಿದ್ದರಂತೆ. ಧಾಟಿ ಮರೆತುಹೋಗಿದೆ, ಮೊದಲ ಸಾಲು ಮಾತ್ರ ಅರ್ಧಂಬರ್ಧ ಗುನುಗುತ್ತಾರೆ. ಯೂಟ್ಯೂಬ್‌ನಲ್ಲಿ ಇರುವುದು ಯಾವುದೂ ಅದಲ್ಲ ಅಂತಾರೆ. ಎಲ್ಲಿ ಹುಡುಕಲಿ?

ಉತ್ತರ: ಮೊದಲು ಅವರಿಗೆ ಯೂಟ್ಯೂಬ್ ಕೇಳಿಸುವುದನ್ನು ನಿಲ್ಲಿಸಿ, ದಯವಿಟ್ಟು. ಬೇರೆ ನಾಲ್ಕು ಧಾಟಿ ಕಿವಿಗೆ ಬಿದ್ದರೆ ಉಳಿದಿರುವ ಅರ್ಧ ಸಾಲೂ ಕಲಸಿಹೋಗುತ್ತದೆ. ಇವತ್ತೇ ಅವರ ಗುನುಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತಪ್ಪಿದರೂ ತಿದ್ದಬೇಡಿ. ಸುಮ್ನೆ ‘ನೆನಪಿಸಿಕೊಳ್ಳಿ’ ಅಂದರೆ ಬರುವುದಿಲ್ಲ. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ತೂಗುತ್ತಾ ಹೇಳಲಿ, ಮೊದಲ ಸಾಲಿನಿಂದ ಅಲ್ಲ, ಬೆಕ್ಕು ಗುರುಗುಟ್ಟುತ್ತಾ ನಿದ್ದೆ ಮಾಡುವ ಕೋಳಿಗೆ ಹಾಡುವ, ನಾಯಿ ನೆಲದ ಮೇಲೆ ಕಾಲು ಚಾಚಿ ಬಿದ್ದಿರುವ, ಹುಡುಗ ಒಬ್ಬನೇ ಕಣ್ಣು ಮುಚ್ಚದ ಆ ಭಾಗದಿಂದ. ನಮ್ಮ ಅತ್ತೆಗೆ ಮರೆತ ಜೋಗುಳದ ಧಾಟಿ ಮರಳಿದ್ದು ಹೀಗೇ, ನಡುವಿನಿಂದ.

ಇನ್ನೊಂದು ಮಾತು. ಇದರ ಒಂದೇ ಅಸಲಿ ಧಾಟಿ ಅಂತ ಹುಡುಕಬೇಡಿ. ಪದ್ಯ ಬರೆದವರು ಗ್ಲಾಸ್ಗೋದ ವಿಲಿಯಂ ಮಿಲ್ಲರ್, ಮರ ಕಡೆಯುವ ಕೆಲಸದವರು. 1841ರಲ್ಲಿ ‘ವಿಸಲ್ ಬಿಂಕಿ’ ಸಂಕಲನದಲ್ಲಿ ಅಚ್ಚಾಯಿತು. ಆಮೇಲೆ ಅದನ್ನು ಬೇರೆ ಬೇರೆ ಧಾಟಿಗಳಲ್ಲಿ ಹಾಡಿದ್ದಾರೆ. ನಿಮಗೆ ಬೇಕಿರುವುದು ಆ ಅಮ್ಮನ ಧಾಟಿ, ಅಲ್ವಾ? ಹಾಗಾದರೆ ಅವರ ಊರು ಯಾವುದು, ಯಾರಿಂದ ಕಲಿತರು ಅಂತ ಕೇಳಿ. ಪದ್ಯಕ್ಕಿಂತ ಇದೇ ಜಾಸ್ತಿ ಮುಖ್ಯ.

ಮತ್ತೊಬ್ಬರು: ‘ಟೋಬರ್ ಆನ್ ಡುಆಲ್ಕಾಸ್’ ತಾಣ ನೋಡಿದ್ದೀರಾ? ಎಡಿನ್‌ಬರೊ ವಿಶ್ವವಿದ್ಯಾಲಯದ ‘ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್’ 1951ರಿಂದ ಹಳ್ಳಿ ಹಳ್ಳಿ ತಿರುಗಿ ಮಾಡಿದ ಧ್ವನಿಮುದ್ರಣಗಳು ಅಲ್ಲಿವೆ, ಬಿಬಿಸಿಯ ಹಳೆಯವೂ ಇವೆ, ದುಡ್ಡು ಕೊಡಬೇಕಿಲ್ಲ. ಪದ್ಯದ ಹೆಸರಿನಿಂದ ಮಾತ್ರ ಹುಡುಕಿದರೆ ಸಾಲದು, ಊರಿನ ಹೆಸರು ಹಾಕಿ ಆ ಕಡೆಯ ಮಕ್ಕಳ ಹಾಡುಗಳನ್ನೆಲ್ಲ ಕೇಳಿ. ಧಾಟಿ ಬೇರೆ ಹಾಡಿನ ಮೈಮೇಲೆ ಕೂತಿರಬಹುದು. ಇನ್ನು ಇಂಗ್ಲಿಷ್ ಜನಪದ ಹಾಡುಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ, ರೌಡ್ ಸೂಚಿಯಲ್ಲಿ ಈ ಪದ್ಯದ ಸಂಖ್ಯೆ 13711. ಆ ಸಂಖ್ಯೆ ಹಾಕಿದರೆ ಕಾಗುಣಿತ ಹೇಗಿದ್ದರೂ ಎಲ್ಲ ರೂಪಗಳೂ ಒಟ್ಟಿಗೆ ಸಿಗುತ್ತವೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಗುನುಗು ರೆಕಾರ್ಡ್ ಆಯಿತು, ಮೂರನೇ ಸಾಲಿನ ತಿರುವೂ ಸ್ವಲ್ಪ ಸಿಕ್ಕಿತು. ಅಜ್ಜಿಯ ಅಮ್ಮ ಈಶಾನ್ಯ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಕಡೆಯವರಂತೆ.

ಮೊದಲು ಉತ್ತರಿಸಿದವರು: ಪೀಟರ್‌ಹೆಡ್ಡಾ! ಹಾಗಾದರೆ ಗ್ರೀಗ್-ಡಂಕನ್ ಸಂಗ್ರಹ ನೋಡಲೇಬೇಕು. ಗ್ಯಾವಿನ್ ಗ್ರೀಗ್ ಅದೇ ಸೀಮೆಯ ಶಾಲಾ ಮೇಷ್ಟ್ರು, ಜೇಮ್ಸ್ ಡಂಕನ್ ಪಾದ್ರಿ, ಇಬ್ಬರೂ 20ನೇ ಶತಮಾನದ ಶುರುವಿನಲ್ಲಿ ಜನರ ಬಾಯಿಂದ ಹಾಡು ಬರೆದುಕೊಂಡರು. 1981ರಿಂದ 2002ರವರೆಗೆ 8 ಸಂಪುಟಗಳಲ್ಲಿ ಅಚ್ಚಾಗಿದೆ, ಸ್ವರಲಿಪಿ ಸಮೇತ. ಸ್ವರ ಓದಲು ಬರುವ ಯಾರನ್ನಾದರೂ ಜೊತೆಗೆ ಕರೆದುಕೊಂಡು ಲೈಬ್ರರಿಗೆ ಹೋಗಿ, ಅಜ್ಜಿಯ ರೆಕಾರ್ಡಿಂಗ್ ಕೇಳಿಸಿ, ಕೊನೆಯ ಸಂಪುಟದಿಂದ ಶುರು ಮಾಡಿ.