ಸಹಾಯ ಬೇಕು: ಅಮ್ಮನ ಕಾಲುಗುರಿನ ಫಂಗಸ್

ನಮ್ಮಮ್ಮನ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ಎಷ್ಟು ದಪ್ಪ ಆಗಿದೆ ಅಂದ್ರೆ ನೇಲ್ ಕಟರ್ ಬಾಯಿಗೇ ಸಿಗಲ್ಲ. ಅಂಚು ಸುಣ್ಣದ ಪುಡಿ ಥರ ಉದುರುತ್ತೆ. ಈ ಮಳೆಗೆ ಬೆರಳ ಸಂದೀಲೂ ಚರ್ಮ ಬಿಳಿಚಿಕೊಂಡು ನವೆ. ಪಕ್ಕದ್ಮನೆ ಆಂಟಿ ಬೇವಿನೆಣ್ಣೆ-ಅರಿಶಿನ ಅಂತಾರೆ, ಇನ್ಯಾರೋ ವಿನೆಗರ್‌ನಲ್ಲಿ ಕಾಲಿಡಿ ಅಂತಾರೆ. ಆದ್ರೆ ಅಮ್ಮನಿಗೆ ಶುಗರ್ ಇದೆ, ಪಾದ ಜೋಮು ಹಿಡಿಯುತ್ತೆ; ಸುಟ್ಟರೂ ಗೊತ್ತಾಗಲ್ಲ. ಹಾಗಾಗಿ ವಿನೆಗರ್, ಬಿಸಿನೀರು ಎರಡಕ್ಕೂ ನಾನು ಒಪ್ಪಿಲ್ಲ (ಮನೇಲಿ ನಾನೇ ವಿಲನ್).

ಫಂಗಸ್‌ಗೆ ಕೊಡೋ ಟರ್ಬಿನಾಫಿನ್ ಮಾತ್ರೆ ಸಾಮಾನ್ಯವಾಗಿ 12 ವಾರ, ಲಿವರ್ ಟೆಸ್ಟ್ ಮಾಡಿಸಿ ತಗೋಬೇಕು, ಹೊಸ ಉಗುರು ಪೂರ್ತಿ ಬರೋಕೆ 12–18 ತಿಂಗಳು ಅನ್ನೋದು ಗೊತ್ತು. ಬೆಂಗಳೂರಿನ ಬೌರಿಂಗ್ ಅಥವಾ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಉಗುರು ಕೆರೆದು ಫಂಗಸ್ ಪರೀಕ್ಷೆ ಮಾಡಿಸಿದವರು ಇದ್ದೀರಾ? ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋದ್ರೆ ಒಳ್ಳೇದು? ಮನೆಮದ್ದು ಹೇಳೋರು ಶುಗರ್ ಇರೋರಿಗೆ ಆಗುತ್ತಾ ಅಂತ ನೋಡಿ ಹೇಳಿ ಪ್ಲೀಸ್.